ಒಂದು ಎಲೆ, ಐದು ಅಕ್ಷರ

ಮೇಜಿನ ಮೇಲೆ ಇವತ್ತು ಒಂದೇ ಒಂದು ಸ್ಟ್ಯಾಂಪ್ ಇದೆ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವಂಥದ್ದು. ಹೆಬ್ಬೆರಳಿನಷ್ಟು ಉದ್ದದ ಎಲೆ. ನಡುವೆ ಒಂದು ದಪ್ಪ ನರ, ಎರಡು ಪಕ್ಕಕ್ಕೂ ಏಳೇಳು ಸಣ್ಣ ಗೆರೆ, ಕೆಳಗೆ ತುಸು ಬಾಗಿದ ತೊಟ್ಟು. ಪಕ್ಕದ ಡ್ರಾಯರಿನಲ್ಲಿ ಇನ್ನೂ ಅರವತ್ತೆರಡು ಇವೆ. ನಿನ್ನೆ ರಾತ್ರಿ ಎಣಿಸಿದೆ, ಎಣಿಸಬಾರದಿತ್ತು. ಅವುಗಳಲ್ಲಿ ಹನ್ನೊಂದಕ್ಕೆ ಇನ್ನೂ ಶಾಯಿಯೇ ತಾಗಿಲ್ಲ. ಬಲೂನು ಹಿಡಿದ ಒಂದು ಆನೆ ಇದೆ. ಅದನ್ನು ಯಾವ ಗಳಿಗೆಯಲ್ಲಿ, ಯಾರಿಗೆಂದು ಕೊಂಡೆನೋ ಎಷ್ಟು ತಲೆ ಕೆರೆದುಕೊಂಡರೂ ಹೊಳೆಯುತ್ತಿಲ್ಲ.

ಹಾಗಾಗಿ ಈ ವಿಡಿಯೋದಲ್ಲಿ ಮಾಡುತ್ತಿರುವ ಕಾರ್ಡಿಗೆ ಒಂದು ಷರತ್ತು ಹಾಕಿಕೊಂಡಿದ್ದೇನೆ. ಡ್ರಾಯರ್ ತೆರೆಯುವ ಹಾಗಿಲ್ಲ. ಒಂದು ಎಲೆ, ಒಂದು ಹಸಿರು ಇಂಕ್ ಪ್ಯಾಡ್, ಅಷ್ಟೇ. ಕಾರ್ಡು ಹೋಗಬೇಕಿರುವುದು ಹಳೆಯ ಗೆಳತಿಯೊಬ್ಬಳಿಗೆ. ಅವಳ ಹುಟ್ಟುಹಬ್ಬವಲ್ಲ, ಬೇರೆ ಯಾವ ನೆಪವೂ ಇಲ್ಲ. ಮಾತು ನಿಂತು ಮೂರು ವರ್ಷವಾಯಿತು. ಜಗಳವಾಡಿ ನಿಂತದ್ದಲ್ಲ, ಗಡಿಯಾರ ನಿಲ್ಲುವಂತೆ ಸುಮ್ಮನೆ ನಿಂತದ್ದು.

ಕಾಗದದ ಕೆಲಸವನ್ನು ಬೇಗ ಮುಗಿಸುತ್ತೇನೆ. ಇದು 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಕದ ಬಿಳಿ ಎ4 ಹಾಳೆ. ಅಡ್ಡಕ್ಕೆ ಎರಡು ಭಾಗ ಮಾಡಿದರೆ ಎ5, ಅದನ್ನು ಮಡಚಿದರೆ ಎ6. ಅಂದರೆ 105ಕ್ಕೆ 148 ಮಿಲಿಮೀಟರ್. ಸಿ6 ಲಕೋಟೆ 114ಕ್ಕೆ 162 ಇರುವುದರಿಂದ ಕಾರ್ಡು ಒಳಗೆ ಆರಾಮವಾಗಿ ಕೂರುತ್ತದೆ. ಮಡಚುವ ಮೊದಲು ಮಾತ್ರ ಒಂದು ಕ್ಷಣ ನಿಲ್ಲಿ. ಯಂತ್ರದಲ್ಲಿ ತಯಾರಾಗುವಾಗ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಯಾವ ಕಡೆ ಮುನಿಸಿಲ್ಲದೆ ಬಗ್ಗುತ್ತದೆಯೋ ಆ ಕಡೆಗೇ ಮಡಿಕೆ ಬೀಳಬೇಕು. ಎದುರು ಹಾಕಿಕೊಂಡು ಮಡಚಿದರೆ ಮಡಿಕೆಯ ಉದ್ದಕ್ಕೂ ಬಿರುಕು ಬಿಡುತ್ತದೆ. ನಾನು ಮೊದಲು ಸ್ಕೇಲ್ ಇಟ್ಟು, ಕಾಗದ ಮಡಚಲೆಂದೇ ಇರುವ ಮೊಂಡು ಪಟ್ಟಿಯಾದ ಬೋನ್ ಫೋಲ್ಡರಿನ ತುದಿಯಿಂದ ಒಂದು ಗೀರು ಎಳೆದು, ಆಮೇಲೆ ಮಡಚುತ್ತೇನೆ. ಬೋನ್ ಫೋಲ್ಡರ್ ಇಲ್ಲವೆಂದರೆ ಶಾಯಿ ಮುಗಿದ ಬಾಲ್ ಪೆನ್ ಸಾಕು.

ಈಗ ಎಲೆ. ಇದು ಕೆಂಪು ರಬ್ಬರಿನದು. ಡ್ರಾಯರಿನಲ್ಲಿರುವ ಹೆಚ್ಚಿನವು ಪಾರದರ್ಶಕ ಸ್ಟ್ಯಾಂಪುಗಳು, ನೇರಳಾತೀತ ಬೆಳಕಿಗೆ ಒಡ್ಡಿದಾಗ ಗಟ್ಟಿಯಾಗುವ ಫೋಟೊಪಾಲಿಮರಿನವು. ಅವುಗಳನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿಕೊಂಡರೆ ಎಲ್ಲಿ ಒತ್ತುತ್ತಿದ್ದೇವೆ ಎಂಬುದು ಅದರ ಮೂಲಕವೇ ಕಾಣುತ್ತದೆ, ಅದು ದೊಡ್ಡ ಅನುಕೂಲ. ಆದರೂ ಕೂದಲೆಳೆಯಂಥ ಗೆರೆ ಬೇಕಾದಾಗ ನನ್ನ ಕೈ ರಬ್ಬರಿನ ಕಡೆಗೇ ಹೋಗುತ್ತದೆ. ಗಂಧಕ ಸೇರಿಸಿ ಕಾಯಿಸಿದರೆ ರಬ್ಬರು ಹದಗೊಂಡು ಬಾಳುತ್ತದೆ ಎಂಬುದು ಚಾರ್ಲ್ಸ್ ಗುಡ್‌ಇಯರ್‌ಗೆ ಹೊಳೆದದ್ದು 1839ರಲ್ಲಿ, ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಅದಕ್ಕೂ ಮೊದಲಿನ ರಬ್ಬರು ಬಿಸಿಗೆ ಅಂಟಂಟಾಗುತ್ತಿತ್ತು, ಚಳಿಗೆ ಬಿರುಸಾಗುತ್ತಿತ್ತು. ಅದರಲ್ಲಿ ಈ ಏಳೇಳು ಗೆರೆಗಳನ್ನು ಮೂಡಿಸಿದ್ದರೆ ಮುಂದಿನ ಬೇಸಿಗೆಗೆ ಎಲೆ ಮುದ್ದೆಯಾಗಿರುತ್ತಿತ್ತು.

ಕ್ಯಾಮೆರಾವನ್ನು ಸ್ವಲ್ಪ ಹತ್ತಿರ ತಂದಿದ್ದೇನೆ, ಇಲ್ಲಿ ನೋಡಿ. ಸ್ಟ್ಯಾಂಪನ್ನು ಪ್ಯಾಡಿನ ಮೇಲೆ ಒತ್ತುತ್ತಿಲ್ಲ. ಸ್ಟ್ಯಾಂಪನ್ನು ಮುಖ ಮೇಲಾಗಿ ಮಲಗಿಸಿ, ಪ್ಯಾಡನ್ನೇ ಕವುಚಿ ಹಿಡಿದು ಅದರ ಮೇಲೆ ತಟ್ಟುತ್ತಿದ್ದೇನೆ. ಕಚೇರಿಯ ಮೊಹರಿನಂತೆ ಪ್ಯಾಡಿಗೆ ಒತ್ತಿದರೆ ಗೆರೆಗಳ ನಡುವಿನ ಹಳ್ಳಕ್ಕೂ ಶಾಯಿ ಇಳಿಯುತ್ತದೆ, ಆಮೇಲೆ ಎಲೆಯ ಸುತ್ತ ಕೊಳೆ ಮೆತ್ತಿದ ಹಾಗೆ ಕಾಣುತ್ತದೆ. ತಟ್ಟಿದ ಮೇಲೆ ಬೆಳಕಿಗೆ ಓರೆ ಮಾಡಿ ಹಿಡಿಯುತ್ತೇನೆ. ಶಾಯಿ ತಾಗಿದ ಕಡೆ ಹೊಳಪು, ತಾಗದ ಕಡೆ ಮಂಕು. ತುದಿಯ ಹತ್ತಿರ ಮಂಕಾಗಿದೆಯಲ್ಲವೇ? ಅಲ್ಲಿಗೆ ಇನ್ನೆರಡು ತಟ್ಟು.

ಒತ್ತುವಾಗ ನಾನು ಎದ್ದು ನಿಲ್ಲುತ್ತೇನೆ. ಕುಳಿತು ಒತ್ತಿದರೆ ಬಲ ಒಂದೇ ಪಕ್ಕಕ್ಕೆ ಬೀಳುತ್ತದೆ, ಎಲೆಯ ಎಡಭಾಗ ಹಸಿರು, ಬಲಭಾಗ ಬಡಕಲು. ನೇರ ಕೆಳಗೆ ಇಳಿಸಿ, ನಾಲ್ಕೂ ಮೂಲೆಗೆ ಬೆರಳಿನ ಭಾರ ಕೊಟ್ಟು, ಮನಸ್ಸಿನಲ್ಲೇ ಮೂರು ಎಣಿಸಿ, ಬಂದ ದಾರಿಯಲ್ಲೇ ಮೇಲಕ್ಕೆತ್ತಬೇಕು. ಸರಿಯಾಗಿ ಬೀಳಲೆಂದು ಆಚೆ ಈಚೆ ತೂಗಾಡಿಸುವ ಚಪಲ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ತೂಗಾಡಿಸಿದರೆ ರಬ್ಬರಿನ ಅಂಚು ಕಾಗದಕ್ಕೆ ತಾಗಿ ಎಲೆಯ ಪಕ್ಕದಲ್ಲಿ ಬೇಡದ ಗೆರೆ ಮೂಡುತ್ತದೆ. ಎತ್ತುವಾಗ ಕಾಗದ ಒಂದಿಷ್ಟು ಅಂಟಿಕೊಂಡು, ಟಪ್ ಎಂದು ಬಿಡುವ ಸಣ್ಣ ಸದ್ದು ಕೇಳಿಸಿತೇ? ಹಿನ್ನೆಲೆ ಸಂಗೀತವನ್ನು ಇಲ್ಲಿ ತೆಗೆದುಹಾಕಿದ್ದು ಅದಕ್ಕೋಸ್ಕರವೇ.

ಒಂದೇ ಸ್ಟ್ಯಾಂಪಿನಿಂದ ಕಾರ್ಡು ತುಂಬಿಸುವುದು ಹೇಗೆ? ಒಮ್ಮೆ ಶಾಯಿ ಹಚ್ಚಿ, ಮೂರು ಸಲ ಒತ್ತುತ್ತೇನೆ. ಮೊದಲನೆಯದು ಕಡು ಹಸಿರು, ಎರಡನೆಯದು ಅದರ ಅರ್ಧ, ಮೂರನೆಯದು ಮಂಜಿನಾಚೆ ಇದ್ದ ಹಾಗೆ. ಎರಡನೇ ಸಲಕ್ಕೆ ಮೊದಲು ಕನ್ನಡಿಗೆ ಬಿಡುವಂತೆ ಹಾ ಎಂದು ಉಸಿರು ಬಿಟ್ಟರೆ ಸ್ಟ್ಯಾಂಪಿನಲ್ಲಿ ಉಳಿದ ಶಾಯಿ ಮತ್ತೆ ತೇವಗೊಳ್ಳುತ್ತದೆ. ಪ್ಯಾಡ್ ಡೈ ಇಂಕಿನದಾಗಿದ್ದರೆ, ಅಂದರೆ ನೀರಿನಲ್ಲಿ ಕರಗಿದ ಬಣ್ಣದ್ದಾಗಿದ್ದರೆ, ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಕಡು ಎಲೆ ಮುಂದೆ, ತಿಳಿ ಎಲೆ ಅದರ ಹಿಂದೆ ಇರುವಂತೆ ಕಾಣಬೇಕಾದರೆ ಮಾತ್ರ ಒಂದು ಮುಸುಕು ಬೇಕು. ಅಂಟುಚೀಟಿಯ ಮೇಲೆ ಇದೇ ಎಲೆಯನ್ನು ಒತ್ತಿ, ಕತ್ತರಿಸಿ, ಮುಂದಿನ ಎಲೆಯ ಮೇಲೆ ಅಂಟಿಸಿ, ಆಮೇಲೆ ಹಿಂದಿನದನ್ನು ಒತ್ತುವುದು. ಕತ್ತರಿ ಗೆರೆಯ ಮೇಲಲ್ಲ, ಗೆರೆಯ ಒಂದು ಕೂದಲು ಒಳಗೆ ಹೋಗಬೇಕು. ಇಲ್ಲವಾದರೆ ಎರಡು ಎಲೆಗಳ ನಡುವೆ ಬಿಳಿ ಅಂಚು ಉಳಿದು ಗುಟ್ಟು ರಟ್ಟಾಗುತ್ತದೆ. ಮುಸುಕನ್ನು ಮೊದಲೇ ಕತ್ತರಿಸಿಡಿ. ಶಾಯಿ ಹಚ್ಚಿದ ಮೇಲೆ ಕತ್ತರಿ ಹುಡುಕಲು ಎದ್ದರೆ ಹಾ ಎಂದರೂ ಬರುವುದಿಲ್ಲ, ಹೂ ಎಂದರೂ ಬರುವುದಿಲ್ಲ.

ಒತ್ತಿದ ಚಿತ್ರ ಉಬ್ಬಿ ಮಿರುಗುವಂತೆ ಮಾಡುವ ಎಂಬಾಸಿಂಗ್ ಏಕೆ ಮಾಡಲಿಲ್ಲ ಎಂದು ಕೇಳುವವರಿದ್ದೀರಿ, ಗೊತ್ತು. ಅದಕ್ಕೆ ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕ್ ಬೇಕು. ಅದು ಹಸಿಯಾಗಿರುವಾಗಲೇ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಹೀಟ್ ಗನ್ನಿನಿಂದ ಕರಗಿಸಬೇಕು. ಕೂದಲು ಒಣಗಿಸುವ ಯಂತ್ರದಿಂದ ಪ್ರಯತ್ನಿಸಬೇಡಿ, ಪುಡಿ ಕರಗುವ ಮೊದಲೇ ಹಾರಿಹೋಗುತ್ತದೆ. ನಾನು ಪ್ರಯತ್ನಿಸಿದ್ದೇನೆ, ಕೀಬೋರ್ಡಿನ ಸಂದಿಯಲ್ಲಿ ಇವತ್ತಿಗೂ ಬಂಗಾರದ ಪುಡಿ ಸಿಗುತ್ತದೆ. ಈ ಎಲೆಗಳಿಗೆ ಆ ಮಿರುಗು ಹೊಂದುವುದೂ ಇಲ್ಲ.

ಇಲ್ಲಿಯವರೆಗೆ ಒಂದು ಸಂಜೆ. ಎರಡನೇ ಸಂಜೆ ಪೂರ್ತಿ ಹೋದದ್ದು ಒಂದು ಪದಕ್ಕೆ.

ನನ್ನ ಬಳಿ ಇರುವ ಅಕ್ಷರದ ಸ್ಟ್ಯಾಂಪುಗಳೆಲ್ಲ ಇಂಗ್ಲಿಷಿನವು. 'ಥ್ಯಾಂಕ್ ಯೂ' ಒಂದೇ ನಾಲ್ಕು ಗಾತ್ರಗಳಲ್ಲಿದೆ. ಈ ಗೆಳತಿಯೊಂದಿಗೆ ನಾನು ಒಂದು ದಿನವೂ ಇಂಗ್ಲಿಷಿನಲ್ಲಿ ಮಾತನಾಡಿದವಳಲ್ಲ. ಅಲ್ಲದೆ ಷರತ್ತು ಷರತ್ತೇ, ಡ್ರಾಯರ್ ತೆರೆಯುವ ಹಾಗಿಲ್ಲ. ಹಾಗಾಗಿ ಬಿಳಿ ಪೆನ್ಸಿಲ್ ರಬ್ಬರಿನಲ್ಲಿ ಪದವನ್ನು ನಾನೇ ಕೊರೆಯಬೇಕಾಯಿತು. ಮೊದಲು ಬರೆಯಬೇಕೆಂದುಕೊಂಡದ್ದು 'ಹೇಗಿದ್ದೀಯ' ಎಂದು. ದಕಾರದ ಕೆಳಗಿನ ಆ ಒತ್ತು ಸಾಸಿವೆಯಷ್ಟು ಚಿಕ್ಕದಾಗುತ್ತದೆ, ಅದನ್ನು ಕೊರೆಯುವ ಕೈ ನನ್ನದಲ್ಲ. ಒತ್ತಕ್ಷರವಿಲ್ಲದ ಪದಗಳನ್ನು ಹುಡುಕುತ್ತಾ ಅರ್ಧ ಗಂಟೆ ಕುಳಿತೆ. ಕೊನೆಗೆ ಸಿಕ್ಕಿದ್ದು 'ನೆನಪಾಯಿತು'. ಐದು ಅಕ್ಷರ, ಒಂದಕ್ಕೂ ಒತ್ತಿಲ್ಲ. ಉತ್ತರ ಬರೆಯಲೇಬೇಕೆಂಬ ಒತ್ತಾಯವೂ ಇಲ್ಲ.

ಅಂದ ಹಾಗೆ, ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೇ ಸಮಯ ಉಳಿಸಲು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಲ್ಲರಿಗೂ ಪತ್ರ ಬರೆಯಲು ಬಿಡುವಿಲ್ಲದೆ, ಕಲಾವಿದ ಜಾನ್ ಕಾಲ್ಕಾಟ್ ಹಾರ್ಸ್ಲಿಯಿಂದ ಒಂದು ಚಿತ್ರ ಬರೆಸಿ ಸುಮಾರು 1,000 ಪ್ರತಿ ಅಚ್ಚು ಹಾಕಿಸಿದ. ಹೆಸರು ತುಂಬಿದರೆ ಕೆಲಸ ಮುಗಿಯಿತು. ಐದು ಅಕ್ಷರಕ್ಕೆ ಒಂದು ಸಂಜೆ ಕಳೆದ ನನ್ನನ್ನು ನೋಡಿದ್ದರೆ ಅವನು ಏನೆನ್ನುತ್ತಿದ್ದನೋ.

ಕೊರೆಯುವ ಮೊದಲು ಪದ ತಿರುಗಬೇಕು, ಕನ್ನಡಿಯಲ್ಲಿ ಕಂಡಂತೆ. ಇದಕ್ಕಾಗಿ ಲೆಕ್ಕ ಹಾಕುತ್ತಾ ಕೂರಬೇಡಿ. ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ನೇರವಾಗಿಯೇ ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ ಹಾಕಿ ಉಗುರಿನಿಂದ ಉಜ್ಜಿದರೆ ಅಕ್ಷರಗಳು ತಾವಾಗಿ ತಿರುಗಿ ಕೂರುತ್ತವೆ. ತಿರುಗಿದ ಕನ್ನಡ ನೋಡಲು ವಿಚಿತ್ರ. ಕೊನೆಯಲ್ಲಿರಬೇಕಾದ 'ತು' ಮೊದಲು ಬಂದು ನಿಂತಿದೆ, ಅದರ ಕೊಂಬು ಎಡಕ್ಕೆ ಬಾಲ ಎತ್ತಿದೆ. ಇಷ್ಟು ವರ್ಷ ಓದಿದ ಅಕ್ಷರಗಳನ್ನು ಮೊದಲ ಸಲ ಆಕಾರಗಳಾಗಿ ನೋಡಿದೆ. 'ನ' ಮತ್ತು 'ಪ' ಒಳಗಿನ ಆ ಬಿಳಿ ಜಾಗಗಳು ಇಷ್ಟು ಇಕ್ಕಟ್ಟು ಎಂದು ಎಂದೂ ಗಮನಿಸಿರಲಿಲ್ಲ.

ಚಾಕುವಿನ ಅಲಗು ಗೆರೆಯಿಂದ ಹೊರಕ್ಕೆ ಇಳಿಜಾರಾಗಿರಲಿ, ಆಗ ಗೆರೆಯ ಬುಡ ಅಗಲವಾಗಿ ಉಳಿಯುತ್ತದೆ. ನೆಟ್ಟಗೆ ಅಥವಾ ಒಳಕ್ಕೆ ಕೊರೆದರೆ ಗೆರೆ ಒಂದು ದಿನ ಮುರಿದು ಬೀಳುತ್ತದೆ. ತಿರುವು ಬಂದಾಗ ಚಾಕು ಸುಮ್ಮನಿರಲಿ, ರಬ್ಬರನ್ನು ತಿರುಗಿಸಿ. ಇಷ್ಟೆಲ್ಲ ಉಪದೇಶ ಮಾಡುತ್ತಿರುವ ನಾನೇ ಕೊನೆಯ ಅಕ್ಷರದಲ್ಲಿ ಅವಸರ ಮಾಡಿದೆ. ಈ ಭಾಗದ ದೃಶ್ಯ ಅಲುಗಾಡಿರುವುದು ನಾನು ಮೇಜಿಗೆ ಗುದ್ದಿದ್ದರಿಂದ. 'ತು'ವಿನ ಕೊಂಬು ಹಾರಿಹೋಯಿತು. ಒತ್ತಿ ನೋಡಿದರೆ 'ನೆನಪಾಯಿತ'. ಇನ್ನೊಂದು ದೀರ್ಘ ಎಳೆದರೆ ಗೆಳತಿಯ ಮೇಲೆ ಆರೋಪ ಹೊರಿಸಿದ ಹಾಗಾಗುತ್ತದೆ.

ಮತ್ತೆ ಕೊರೆಯಲಿಲ್ಲ. ಒತ್ತಿದ ಮೇಲೆ ಸಣ್ಣ ಮೊನೆಯ ಹಸಿರು ಪೆನ್ನಿನಿಂದ ಕೊಂಬು ಬರೆದೆ. ಇದು ಮೋಸವೇ ಎಂದರೆ, ಹೌದು. ಹತ್ತಿರದಿಂದ ನೋಡಿದರೆ ಪೆನ್ನಿನ ಗೆರೆ ಬೇರೆಯಾಗಿಯೇ ಕಾಣುತ್ತದೆ. ಕೊರೆದ ರಬ್ಬರನ್ನು ಕಾಗದದಲ್ಲಿ ಸುತ್ತಿ ಎತ್ತಿಡುತ್ತಿದ್ದೇನೆ. ಇಂಥ ರಬ್ಬರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಹಳ ದಿನ ಬಿದ್ದಿದ್ದರೆ ಡಬ್ಬಿಗೇ ಅಂಟಿಕೊಂಡುಬಿಡುತ್ತದೆ.

ಒಳಪುಟದಲ್ಲಿ ನನ್ನ ಹೆಸರು ಮಾತ್ರ. ಲಕೋಟೆಗೆ ಹಾಕಿ, ಅಂಚಿಗೆ ಗೋಂದು ಹಚ್ಚಿ, ವಿಳಾಸ ಬರೆಯಲು ಪೆನ್ನು ತೆಗೆದ ಮೇಲೆ ನೆನಪಿಗೆ ಬಂತು, ಅವಳು ಮನೆ ಬದಲಿಸಿದ್ದಾಳೆ ಎಂದು ಯಾರೋ ಹೇಳಿದ್ದರು. ಮೂರು ವರ್ಷದ ಬಳಿಕ ನಾನು ಕಳಿಸಿದ ಮೊದಲ ಸಂದೇಶ ಹೀಗಿತ್ತು: 'ನಿನ್ನ ಈಗಿನ ವಿಳಾಸ ಕಳಿಸು.'

ಎರಡೇ ನಿಮಿಷದಲ್ಲಿ ಉತ್ತರ ಬಂತು. ವಿಳಾಸ ಇತ್ತು. ಕೆಳಗೆ, 'ಏಕೆ? ಏನಾಯಿತು?'

ಏನಾಯಿತು ಎಂಬುದನ್ನು ಆಗಷ್ಟೇ ಒಳಗಿಟ್ಟು ಅಂಟಿಸಿದ್ದೆ. ಗೋಂದು ಇನ್ನೂ ಹಸಿಯಾಗಿತ್ತು. ಮೊಬೈಲನ್ನು ಕವುಚಿ ಇಟ್ಟು ವಿಳಾಸ ಬರೆಯತೊಡಗಿದೆ.