ಬೇಜಾರಾದ ಜೋಡಿಗಳ ಸಿನಿಮಾ, ಆದ್ರೆ ಬೇಜಾರು ಯಾಕೆ ಅಂತ ಸಿನಿಮಾಗೇ ಗೊತ್ತಿಲ್ಲ

ಹಾಯ್ ಎಲ್ರಿಗೂ. ಇವತ್ತು ಒಂದು ರೊಮ್ಯಾಂಟಿಕ್ ಕಾಮಿಡಿ ಬಗ್ಗೆ ಮಾತಾಡ್ಬೇಕು, ಟೈಟಲ್ ಸ್ಕ್ರೀನ್ ಮೇಲೆ ಹಾಕಿದೀನಿ, ಸ್ಪಾಯ್ಲರ್ ಇರುತ್ತೆ, ನೋಡ್ಬೇಕು ಅಂತಿರೋರು ಇಲ್ಲೇ ನಿಲ್ಲಿಸಿ. ತುಂಬಾ ಆಸೆ ಇಟ್ಕೊಂಡು ನೋಡ್ದೆ ನಾನು ಇದನ್ನ, ಯಾಕಂದ್ರೆ ಈ ಥರ ಕಥೆ ಅಂದ್ರೆ ನಂಗೆ ಪ್ರಾಣ, ಅದಕ್ಕೇ ಬೇಜಾರೂ ಜಾಸ್ತಿ ಆಯ್ತು.

ಕಥೆ ಇಷ್ಟು. ಮದುವೆಯಾಗಿ ಸುಮಾರು ವರ್ಷ ಆಗಿರೋ ಎರಡು ಜೋಡಿ, ನಾಲ್ಕೂ ಜನಕ್ಕೆ ತಮ್ಮ ಸಂಸಾರ ಸಾಕಾಗಿದೆ, ಒಬ್ರಿಗೊಬ್ರು ಹೇಳ್ದೆ ಡೇಟಿಂಗ್ ಆ್ಯಪ್‌ಗೆ ಸೇರ್ಕೋತಾರೆ, ಆ ಆ್ಯಪ್ಪು ಇವರ ಗಂಡನ್ನ ಅವರ ಹೆಂಡ್ತಿಗೆ, ಅವರ ಗಂಡನ್ನ ಇವರ ಹೆಂಡ್ತಿಗೆ ಮ್ಯಾಚ್ ಮಾಡುತ್ತೆ. ಐಡಿಯಾ ಹಳೇದು, ಅದ್ರಲ್ಲೇನೂ ತಪ್ಪಿಲ್ಲ. 1790ರಲ್ಲೇ ವಿಯೆನ್ನಾದಲ್ಲಿ ಸಂಗೀತಗಾರ ಮೊಟ್ಸಾರ್ಟ್ ಇದೇ ಥರದ ಆಟ ಇಟ್ಕೊಂಡು ಒಂದು ಆಪೆರಾ, ಅಂದ್ರೆ ಹಾಡಲ್ಲೇ ನಡೆಯೋ ನಾಟಕ, ಮಾಡಿದ್ದ, ಇಬ್ರು ಗಂಡಸರು ವೇಷ ಹಾಕ್ಕೊಂಡು ಒಬ್ಬನ ಹುಡುಗೀನ ಇನ್ನೊಬ್ಬ ಒಲಿಸ್ಕೊಳ್ಳೋ ಕಥೆ. ಜೋಡಿ ಅದಲು ಬದಲು ಆದ್ರೆ ನಗು ಬಂದೇ ಬರುತ್ತೆ, ಜೊತೆಗೆ ಒಂಚೂರು ಭಯಾನೂ ಆಗುತ್ತೆ, ಎಲ್ಲಿ ಹೊಸ ಜೋಡೀನೇ ಸರಿ ಅನ್ಸಿಬಿಡುತ್ತೋ ಅಂತ. ಆ ಭಯ ಈ ಸಿನಿಮಾದಲ್ಲಿ ಒಂದು ನಿಮಿಷಾನೂ ಬರ್ಲಿಲ್ಲ.

ಯಾಕಂದ್ರೆ ಇವರು ಮೊದ್ಲು ಯಾಕೆ ಜೊತೆಯಾದ್ರು ಅನ್ನೋದೇ ನಮಗೆ ಗೊತ್ತಿಲ್ಲ. ಒಬ್ಬ ಗಂಡ ಯಾವಾಗ್ಲೂ ಫೋನಲ್ಲಿರ್ತಾನೆ, ಒಬ್ಬಳು ಹೆಂಡ್ತಿ ಯಾವಾಗ್ಲೂ ಗೊಣಗ್ತಾಳೆ, ಇನ್ನೊಬ್ಬ ಜೋಕ್ ಹೇಳ್ತಾನೇ ಇರ್ತಾನೆ, ಇನ್ನೊಬ್ಬಳು ಸುಮ್ನಿರ್ತಾಳೆ, ಮುಗೀತು, ನಾಲ್ಕು ಜನಕ್ಕೆ ನಾಲ್ಕು ಲೇಬಲ್ ಅಂಟಿಸಿ ಕಥೆ ಓಡಿಸ್ತಾರೆ. ಜೊತೇಲಿ ಬಾಳೋರ ಬೇಜಾರು ಹಾಗಿರಲ್ಲ. ಅದು ತುಂಬಾ ಸಣ್ಣ ಸಣ್ಣದ್ರಲ್ಲಿ ಇರುತ್ತೆ, ಮಾತು ಮುಗಿಯೋ ಮುಂಚೆ ರೂಮಿಂದ ಎದ್ದು ಹೋಗೋದು, ಕೇಳಿದ ಪ್ರಶ್ನೇನ ಮತ್ತೆ ಕೇಳೋದು, ಹೊಸ ಬಟ್ಟೆ ಹಾಕ್ಕೊಂಡಿದ್ದು ಕಣ್ಣಿಗೇ ಬೀಳ್ದೆ ಇರೋದು. ಅಂಥದ್ದು ಒಂದು ತೋರ್ಸಿದ್ರೂ ಸಾಕಿತ್ತು, ಇವಳು ಯಾಕೆ ಹೊರಗೆ ನೋಡ್ತಿದಾಳೆ ಅಂತ ನಮಗೇ ಅರ್ಥ ಆಗೋದು.

ಒಂದು ಸೀನ್ ಇದೆ, ಅದನ್ನ ಹೇಳ್ಲೇಬೇಕು. ಆ ಸುಮ್ನಿರೋ ಹೆಂಡ್ತಿ ಹೊಸಬನ ಜೊತೆ ಕಾರಲ್ಲಿ ಹೋಗ್ತಿರ್ತಾಳೆ, ಅವಳು ಏನೋ ಹೇಳೋಕೆ ಶುರು ಮಾಡ್ದಾಗ ಅವನು ಕೈ ಚಾಚಿ ಹಾಡಿನ ಸೌಂಡ್ ಕಮ್ಮಿ ಮಾಡ್ತಾನೆ. ಅಷ್ಟೇ. ಅವಳಿಗೆ ಮಾತೇ ಮರ್ತುಹೋಗುತ್ತೆ. ತನ್ನ ಮಾತು ಕೇಳೋಕೆ ಅಂತ ಒಬ್ರು ಸೌಂಡ್ ಕಮ್ಮಿ ಮಾಡಿ ಎಷ್ಟು ಕಾಲ ಆಯ್ತೋ ಏನೋ, ಅದೆಲ್ಲ ಆ ನಟಿ ಮುಖದಲ್ಲಿ ಬಂತು, ಕಣ್ಣು ಒಂದ್ಸಲ ಅವನ ಕೈ ಕಡೆ, ಒಂದ್ಸಲ ಕಿಟಕಿ ಕಡೆ. ನಂಗೆ ಗಂಟಲು ಕಟ್ಟಿತು ನಿಜವಾಗ್ಲೂ. ಇಲ್ಲಿ ಕ್ಯಾಮೆರಾ ಇನ್ನೊಂದು ಹತ್ತು ಸೆಕೆಂಡ್ ನಿಂತಿದ್ರೆ ಈ ಸಿನಿಮಾ ಬೇರೇನೇ ಆಗ್ತಿತ್ತು, ಆದ್ರೆ ತಕ್ಷಣ ಕಟ್, ಹೋಟೆಲಲ್ಲಿ ಸರ್ವರ್ ಜಾರಿ ಬಿದ್ದು ಟ್ರೇ ಎಲ್ಲ ಚೆಲ್ಲೋ ಸೀನ್, ಮೇಲಿಂದ ಡೊಂಯ್ ಡೊಂಯ್ ಅಂತ ಮ್ಯೂಸಿಕ್. ಆ ನಟಿಗೆ ಮಾಡಿದ ಅನ್ಯಾಯ ಇದು.

ಕ್ಯಾಮೆರಾದ್ದೇ ಇನ್ನೊಂದು ಪ್ರಾಬ್ಲಮ್ಮು ಪೂರ್ತಿ ಸಿನಿಮಾದಲ್ಲಿ ಇದೆ, ಎಲ್ಲಾ ಕಡೆ ಒಬ್ಬೊಬ್ಬರ ಮುಖಾನೇ ಕ್ಲೋಸಪ್ಪಲ್ಲಿ ತೋರಿಸ್ತಾರೆ, ಇವರು ಮಾತಾಡಿದ್ರೆ ಇವರ ಮುಖ, ಅವರು ಮಾತಾಡಿದ್ರೆ ಅವರ ಮುಖ. ಇಬ್ರ ನಡುವಿನ ಕಾಮಿಡಿಗೆ ಇಬ್ರೂ ಒಂದೇ ಫ್ರೇಮಲ್ಲಿ ಬೇಕು ಕಣ್ರೀ! ಒಬ್ರು ಹೇಳ್ದಾಗ ಇನ್ನೊಬ್ರ ಭುಜ ಹೇಗೆ ಸೆಟೆಯುತ್ತೆ, ಯಾರು ಯಾರಿಂದ ಎಷ್ಟು ದೂರ ಕೂತಿದಾರೆ, ನಗು ಬರೋದೇ ಅಲ್ಲಿಂದ.

ಇದನ್ನ ಚೆನ್ನಾಗಿ ಮಾಡಿರೋ ಒಂದು ಸಿನಿಮಾ ಹೇಳ್ತೀನಿ, 1937ರ ‘ದಿ ಆಫುಲ್ ಟ್ರೂತ್’, ಕ್ಯಾರಿ ಗ್ರಾಂಟ್ ಮತ್ತೆ ಐರೀನ್ ಡನ್ ಇರೋದು, ಡೈರೆಕ್ಟರ್ ಲಿಯೋ ಮೆಕ್ಯಾರಿ, ಇದಕ್ಕೇ ಬೆಸ್ಟ್ ಡೈರೆಕ್ಟರ್ ಆಸ್ಕರ್ ಬಂತು ಅವರಿಗೆ. ಆಗ ಹಾಲಿವುಡ್‌ನಲ್ಲಿ 1934ರಿಂದ ಪ್ರೊಡಕ್ಷನ್ ಕೋಡ್, ಅಂದ್ರೆ ಸಿನಿಮಾದಲ್ಲಿ ಏನು ತೋರಿಸ್ಬಹುದು ಏನು ತೋರಿಸ್ಬಾರದು ಅನ್ನೋ ನಿಯಮಗಳು, ತುಂಬಾ ಸ್ಟ್ರಿಕ್ಟ್ ಆಗಿತ್ತು, ಮದುವೆ ಆಚೆಯ ಸಂಬಂಧಾನ ಆಕರ್ಷಕವಾಗಿ ತೋರಿಸೋ ಹಾಗೇ ಇರ್ಲಿಲ್ಲ. ಹಾಗಾಗಿ ಗಂಡ ಹೆಂಡ್ತಿಗೆ ಮೊದ್ಲು ಡೈವೋರ್ಸ್ ಕೊಡಿಸೋದು, ಆಮೇಲೆ ಬೇರೆಯವರ ಜೊತೆ ಓಡಾಡಿಸಿ, ಕೊನೆಗೆ ಮತ್ತೆ ಅವರಿಬ್ರನ್ನೇ ಸೇರಿಸೋದು, ಈ ಥರದ ಕಥೆಗಳು ಆ ಕಾಲದಲ್ಲಿ ಸುಮಾರು ಬಂದ್ವು. ಸ್ಟ್ಯಾನ್ಲಿ ಕವೆಲ್ ಅನ್ನೋ ಫಿಲಾಸಫರ್ 1981ರಲ್ಲಿ ಇಂಥ ಸಿನಿಮಾಗಳ ಬಗ್ಗೇನೇ ಒಂದು ಪುಸ್ತಕ ಬರೆದು ಇವಕ್ಕೆ ಮರುಮದುವೆಯ ಕಾಮಿಡಿ ಅಂತ ಹೆಸರಿಟ್ರು.

‘ದಿ ಆಫುಲ್ ಟ್ರೂತ್’ನಲ್ಲಿ ಗಂಡ ಹೆಂಡ್ತಿಗೆ ಡೈವೋರ್ಸ್ ಪಕ್ಕಾ ಆಗೋಕೆ 90 ದಿನ ಇರುತ್ತೆ, ಅಷ್ಟರಲ್ಲಿ ಇಬ್ರೂ ಹೊಸ ಜೋಡಿ ಹುಡುಕ್ಕೋತಾರೆ, ನಾಯಿ ಯಾರ ಹತ್ರ ಇರ್ಬೇಕು ಅಂತ ಕೋರ್ಟಲ್ಲಿ ಜಗಳ ಬೇರೆ. ಒಂದು ಸೀನಲ್ಲಿ ಅವಳು ತುಂಬಿದ ಸಭೇಲಿ ಹಾಡ್ತಿರ್ತಾಳೆ, ಇವನು ಏನೋ ಅನುಮಾನದಿಂದ ನುಗ್ಗಿ, ಹಿಂದೆ ಕೂತು, ಕುರ್ಚಿ ಸಮೇತ ಬಿದ್ದು ರಂಪ ಮಾಡ್ತಾನೆ. ಅವಳು ಹಾಡು ನಿಲ್ಲಿಸಲ್ಲ. ಕೊನೇ ಸ್ವರಕ್ಕೆ ಬರೋ ಹೊತ್ತಿಗೆ ಅವನನ್ನ ನೋಡ್ತಾ ನೋಡ್ತಾ ಆ ಸ್ವರದ ಒಳಗೇ ಒಂದು ಸಣ್ಣ ನಗು ಸೇರ್ಕೊಂಡುಬಿಡುತ್ತೆ, ರಾಗದಲ್ಲೇ! ಇನ್ನೂ ಪ್ರೀತಿ ಇದೆ ಅಂತ ಯಾರೂ ಬಾಯ್ಬಿಟ್ಟು ಹೇಳಲ್ಲ, ಆ ನಗು ಕೇಳಿದ್ಮೇಲೆ ಹೇಳೋ ಅವಶ್ಯಕತೇನೂ ಇಲ್ಲ. ಬೇರೆ ಯಾರಿಗೂ ಅವಳನ್ನ ಹಾಗೆ ನಗಿಸೋಕೆ ಆಗಲ್ಲ ಅಂತ ನಮಗೆ ಆ ಕ್ಷಣಾನೇ ಗೊತ್ತಾಗುತ್ತೆ.

ಇನ್ನು ನಮ್ಮ ಸಿನಿಮಾದ ಕ್ಲೈಮ್ಯಾಕ್ಸು. ನಾಲ್ಕೂ ಜನ ಒಂದೇ ಪಾರ್ಟಿಗೆ ಬರ್ತಾರೆ, ಗುಟ್ಟು ರಟ್ಟಾಗುತ್ತೆ, ಐದು ನಿಮಿಷ ಕೂಗಾಟ, ಆಮೇಲೆ ಒಬ್ಬೊಬ್ರೂ ಒಂದೊಂದು ಭಾಷಣ ಮಾಡಿ ವಾಪಸ್ ತಮ್ಮ ತಮ್ಮ ಜೋಡಿ ಹತ್ರ ಹೋಗ್ತಾರೆ. ಏನು ಬದಲಾಯ್ತು? ಆ ಫೋನ್ ಗಂಡ ಈಗ ಫೋನ್ ಬಿಟ್ನಾ, ಕಾರಲ್ಲಿ ಮಾತು ಮರೆತವಳ ಮಾತನ್ನ ಈಗ ಮನೇಲಿ ಯಾರಾದ್ರೂ ಕೇಳ್ತಾರಾ, ಒಂದಕ್ಕೂ ಉತ್ತರ ಇಲ್ಲ. ಆ ಜೋಕ್ ಹೇಳೋ ಗಂಡ ಇದಾನಲ್ಲ, ಅವನ ಹಳೇ ಜೋಕಿಗೆ ಹೊಸಬಳು ಬಿದ್ದು ಬಿದ್ದು ನಗ್ತಾಳೆ, ಅವನಿಗೆ ಬೇಕಾಗಿದ್ದು ಹೊಸ ಹೆಂಡ್ತಿ ಅಲ್ಲ, ತನ್ನ ಜೋಕನ್ನ ಮೊದಲನೇ ಸಲ ಕೇಳೋ ಒಬ್ರು. ಎಷ್ಟು ಒಳ್ಳೇ ವಿಷಯ ಕೈಯಲ್ಲಿತ್ತು ನೋಡಿ, ಬರೆದವರು ಅದನ್ನ ದಾಟ್ಕೊಂಡು ಹೋಗ್ಬಿಟ್ರು. ವಾಪಸ್ ಬರ್ದೇ ಇದ್ರೂ ನಂಗೆ ಓಕೆ ಆಗಿತ್ತು, ಒಂದು ಜೋಡಿ ಮುರಿದು ಒಂದು ಉಳಿದಿದ್ರೂ ನಂಬ್ತಿದ್ದೆ, ಆದ್ರೆ ಕಾರಣಾನೇ ಇಲ್ದೆ ಎಲ್ಲಾ ಸರಿಹೋಯ್ತು ಅಂದ್ರೆ ಮನಸ್ಸು ಒಪ್ಪಲ್ಲ.

ಹಾಡುಗಳ ಬಗ್ಗೆ ಹೇಳೋಕೆ ಏನಿಲ್ಲ. ಲೈಟಿಂಗ್ ಚೆನ್ನಾಗಿದೆ, ಮನೆಗಳೂ ಚೆನ್ನಾಗಿವೆ, ಎರಡೂ ಮನೇಲಿ ಯಾರೋ ವಾಸ ಮಾಡ್ತಾರೆ ಅಂತ ಮಾತ್ರ ಅನ್ಸಲ್ಲ. ನಟರು ನಾಲ್ಕೂ ಜನ ಮನಸಿಟ್ಟು ಮಾಡಿದಾರೆ, ಕೊಟ್ಟಿದ್ದು ಕಮ್ಮಿ. ನೋಡ್ಲೇಬೇಕು ಅಂತಿದ್ರೆ ಆ ಕಾರ್ ಸೀನ್ ತನಕ ನೋಡಿ, ಸರ್ವರ್ ಬೀಳೋಕೆ ಮುಂಚೆ ನಿಲ್ಲಿಸಿ. ಆ ನಟಿ ಮುಂದೆ ಯಾವ ಸಿನಿಮಾ ಮಾಡಿದ್ರೂ ನಾನಂತೂ ಮೊದಲ ದಿನಾನೇ ನೋಡ್ತೀನಿ.