ಗರಗಸದ ಊರಿನಲ್ಲಿ ಉಪ್ಪಿನ ಕೊಯ್ಲು

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಮಿಷಿಗನ್ ರಾಜ್ಯದ ಸಾಗಿನಾ ನದಿ ದಂಡೆಯ ಊರುಗಳು ಹೆಸರಾದದ್ದು ಬಿಳಿ ಪೈನ್ ಮರದಿಂದ. ಚಳಿಗಾಲದಲ್ಲಿ ಕಡಿದ ದಿಮ್ಮಿಗಳು ಹಿಮ ಕರಗಿದ ಹೊಳೆನೀರಿನಲ್ಲಿ ತೇಲಿ ಬಂದವೆಂದರೆ ಮಿಲ್ಲುಗಳಿಗೆ ಬಿಡುವಿಲ್ಲ. ಆದರೆ ಆ ಮಿಲ್ಲಿನವರ ಜಾಣತನ ನನಗೆ ಹೆಚ್ಚು ಕಾಣುವುದು ಅವರು ತೆಗೆದ ಉಪ್ಪಿನಲ್ಲಿ.

ದುಂಡು ದಿಮ್ಮಿ ಕೊಯ್ದರೆ ತೊಗಟೆಯ ಚಕ್ಕೆ, ಹೊಟ್ಟು ರಾಶಿ ಬೀಳುತ್ತದೆ. ಇಟ್ಟುಕೊಂಡರೆ ಬೆಂಕಿಯ ಭಯ, ಹೊಳೆಗೆ ಸುರಿದರೆ ಹೂಳು. ಅದೇ ನೆಲದಡಿ, ನೂರಾರು ಅಡಿ ಆಳದಲ್ಲಿ ಉಪ್ಪುನೀರಿತ್ತು. 1859ರಲ್ಲಿ ರಾಜ್ಯ ಸರ್ಕಾರ ಒಂದು ಬುಷೆಲ್ (ಧಾನ್ಯ, ಉಪ್ಪು ಅಳೆಯುವ ಅಲ್ಲಿನ ಅಳತೆ) ಉಪ್ಪಿಗೆ 10 ಸೆಂಟ್ ಪ್ರೋತ್ಸಾಹಧನ ಸಾರಿತು. ಮರುವರ್ಷವೇ ಈಸ್ಟ್ ಸಾಗಿನಾದಲ್ಲಿ ಉಪ್ಪು ತಯಾರಾಯಿತು. ಮೊದಮೊದಲು ಕಡಾಯಿಗಳ ಕೆಳಗೆ ಕಾಡಿನ ಸೌದೆ ಉರಿಸುತ್ತಿದ್ದರು. ಆಮೇಲೆ ಉಪ್ಪಿನ ಮನೆ ಮಿಲ್ಲಿನ ಮಗ್ಗುಲಿಗೇ ಬಂತು. ಹೊಟ್ಟು ಉರಿದು ಬಾಯ್ಲರು ಕಾಯುತ್ತದೆ, ಹಬೆ ಗರಗಸ ತಿರುಗಿಸುತ್ತದೆ, ಎಂಜಿನ್ನಿನಿಂದ ಹೊರಬಿದ್ದ ಹಬೆ ಕೊಳವೆಗಳಲ್ಲಿ ಹರಿದು ಉಪ್ಪುನೀರನ್ನು ಕಾಯಿಸುತ್ತದೆ.

ಕೆಲಸ ನಡೆಯುತ್ತಿದ್ದುದು ಹೀಗೆ. ಮೇಲೆತ್ತಿದ ನೀರನ್ನು ಮರದ ತೊಟ್ಟಿಯಲ್ಲಿ ನಿಲ್ಲಿಸಿ ಸುಣ್ಣ ಬೆರೆಸಬೇಕು, ಕಬ್ಬಿಣದ ಅಂಶ ತಳಕ್ಕಿಳಿಯಲಿ ಎಂದು. ಇಳಿಯದಿದ್ದರೆ ಉಪ್ಪು ಕೆಂಪಗಾಗುತ್ತದೆ. ತಿಳಿನೀರು ಉದ್ದನೆಯ, ಆಳವಿಲ್ಲದ ಇನ್ನೊಂದು ತೊಟ್ಟಿಗೆ. ಅದರಲ್ಲಿ ಹಬೆಯ ಕೊಳವೆಗಳು ಮುಳುಗಿರುತ್ತವೆ. ಕುದಿಯಬಾರದು, ನಿಧಾನವಾಗಿ ಆವಿಯಾದರೆ ಹರಳು ದಪ್ಪ. ತಳ ಸೇರಿದ ಉಪ್ಪನ್ನು ಸಲಿಕೆಯಿಂದ ಬಾಚಿ, ಇಳಿಜಾರು ಹಲಗೆಯ ಮೇಲೆ ನೀರು ಸೋರಲು ಬಿಡುತ್ತಿದ್ದರು.

ಇಲ್ಲಿ ಎರಡು ಕಾಟ. ಒಂದು, ಉಪ್ಪುನೀರಿನಲ್ಲೇ ಇರುವ ಜಿಪ್ಸಮ್ ಎಂಬ ಖನಿಜ ಕೊಳವೆಗೆ ಕಲ್ಲಿನಂತೆ ಕಟ್ಟುತ್ತದೆ. ಬಡಿದು ಕೆಡವದಿದ್ದರೆ ಶಾಖ ನೀರಿಗೆ ದಾಟದು. ಇನ್ನೊಂದು, ಉಪ್ಪು ತೆಗೆದಂತೆ ಉಳಿಯುವ ಕಹಿನೀರು. ಅದನ್ನು ಆಗಾಗ ಚೆಲ್ಲದಿದ್ದರೆ ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಲವಣಗಳು ಹೆಚ್ಚಿ ಉಪ್ಪು ಕಹಿಯಾಗುತ್ತದೆ, ಪೀಪಾಯಿಯಲ್ಲಿ ಒದ್ದೆಯಾಗಿ ಗಡ್ಡೆ ಕಟ್ಟುತ್ತದೆ. 1869ರಿಂದ ಉಪ್ಪಿಗೆ ರಾಜ್ಯದ ತಪಾಸಣೆಯೂ ಬಂತು.

ಒಂದು ಪೀಪಾಯಿಗೆ 280 ಪೌಂಡ್, ಸುಮಾರು 127 ಕಿಲೋ. ಹೀಗೆ ಊರಿನಲ್ಲಿ ಪೀಪಾಯಿ ಕಟ್ಟುವವರಿಗೂ ಕೈತುಂಬ ಕೆಲಸ.

ದುಡಿಯುವವರ ದಿನ ಮಾತ್ರ ಬಲು ಉದ್ದ, ಹನ್ನೊಂದು ಗಂಟೆ. 1885ರ ಜುಲೈನಲ್ಲಿ ಕಣಿವೆಯ ಮಿಲ್ಲುಗಳನ್ನು ನಿಲ್ಲಿಸಿದ ಕೆಲಸಗಾರರ ಕೂಗು ಇದು: ಹತ್ತು ಗಂಟೆ, ಇಲ್ಲವಾದರೆ ಹೊಟ್ಟೂ ಇಲ್ಲ! ಹೊಟ್ಟು ಬೀಳದಿದ್ದರೆ ಹಲಗೆಯೂ ಇಲ್ಲ, ಉಪ್ಪೂ ಇಲ್ಲ ಎಂಬುದು ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು.

ಶತಮಾನದ ಕೊನೆಗೆ ಪೈನ್ ಕಾಡು ಬರಿದಾಗಿ ಮಿಲ್ಲುಗಳು ಒಂದೊಂದಾಗಿ ನಿಂತವು. ಉರಿಸಲು ಹೊಟ್ಟಿಲ್ಲದೆ ಪಕ್ಕದ ಉಪ್ಪಿನ ತೊಟ್ಟಿಗಳೂ ಒಣಗಿದವು.