ಲಿಫ್ಟಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಮಾಡುವ ನಮ್ಮಂಥವರಿಗೆ ಸೋಮವಾರ ಬಂತೆಂದರೆ ಕೈತುಂಬ ಕೆಲಸ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಬೆಟ್ಟಕ್ಕೆ ಹೋದವರು ಸೋಮವಾರ ಗೋಡೆ ಹಿಡಿದುಕೊಂಡು ಬರುತ್ತಾರೆ. ಕುರ್ಚಿಯಲ್ಲಿ ಕೂರುವಾಗ ಅಮ್ಮಾ, ಏಳುವಾಗ ಅಪ್ಪಾ. ಹತ್ತುವುದು ಕಷ್ಟವಾಯಿತಾ ಎಂದು ಕೇಳಿದರೆ, "ಏನೂ ಇಲ್ಲ ಮೇಡಂ, ಆರಾಮಾಗಿ ಹತ್ತಿದ್ವಿ" ಎಂದು ಫೋನು ತೆಗೆದು ತುದಿಯ ಮೇಲೆ ನಿಂತ ಫೋಟೋ ತೋರಿಸುತ್ತಾರೆ. ಇಳಿಯುವಾಗಿನ ಫೋಟೋ ಮಾತ್ರ ಒಬ್ಬರ ಹತ್ತಿರವೂ ಇರುವುದಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ಕಡಿದಾದ ಬೆಟ್ಟಕ್ಕೆ ಹೋಗುವ ಆಸೆಯಿದ್ದರೆ ಹತ್ತುವುದನ್ನಲ್ಲ, ಇಳಿಯುವುದನ್ನು ಅಭ್ಯಾಸ ಮಾಡಿ. ಲಿಫ್ಟಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಬಾಯಿತಪ್ಪಿ ಹೇಳಿದ್ದಲ್ಲ, ನೀವು ಸರಿಯಾಗೇ ಕೇಳಿಸಿಕೊಂಡಿದ್ದೀರಿ.

ನಮ್ಮ ಊರಿನವರಿಗೆ ಹುಚ್ಚು ಹಿಡಿಸಿರುವ ಕುಮಾರಪರ್ವತವನ್ನೇ ತೆಗೆದುಕೊಳ್ಳಿ. ತುದಿಯ ಎತ್ತರ 1712 ಮೀಟರ್. ಹತ್ತಲು ಶುರುಮಾಡುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಅಂದರೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಹತ್ತುತ್ತೀರಿ. ಸರಿ. ಅಷ್ಟನ್ನೂ ಇಳಿಯಬೇಕಲ್ಲ, ಸ್ವಾಮಿ? ತುದಿಯಲ್ಲಿ ಟೆಂಟು ಹಾಕಲು ಅರಣ್ಯ ಇಲಾಖೆ ಬಿಡುವುದಿಲ್ಲ. ಹತ್ತಿ ಸುಸ್ತಾದ ಕಾಲಿನಲ್ಲೇ, ಅದೇ ದಿನ ಇಳಿಯಬೇಕು.

ಹತ್ತುವಾಗ ಏದುಸಿರು ಬರುತ್ತದೆ, ಎದೆ ಡವಡವ ಎನ್ನುತ್ತದೆ, ಆಗ ನಾವೇ ನಿಲ್ಲುತ್ತೇವೆ. ಇಳಿಯುವಾಗ ಉಸಿರು ಹಾಯಾಗಿರುತ್ತದೆ. ಮೋಸ ಇರುವುದೇ ಅಲ್ಲಿ. ಉಸಿರಿಗೆ ಬಿಡುವು ಸಿಕ್ಕಿದೆ, ತೊಡೆಗೆ ಸಿಕ್ಕಿಲ್ಲ. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಯಾಗಿ ಹಿಡಿದೂ ಇರಬೇಕು, ಸ್ವಲ್ಪಸ್ವಲ್ಪವೇ ಬಿಡುತ್ತಲೂ ಇರಬೇಕು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮಾಡುವುದೂ ಅದನ್ನೇ. ದೇಹದ ಭಾರವನ್ನು ಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಹೀಗೆ ಉದ್ದವಾಗುತ್ತಾ ದುಡಿಯುವಾಗ ಅದರ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುತ್ತದೆ. ನೋವು ಅವತ್ತೇ ಗೊತ್ತಾಗುವುದಿಲ್ಲ. ಮಾರನೆಯ ದಿನ ಶುರುವಾಗಿ, ಎರಡು ಮೂರು ದಿನ ಜೋರಾಗಿರುತ್ತದೆ. ದಯವಿಟ್ಟು ಇದನ್ನು ಲ್ಯಾಕ್ಟಿಕ್ ಆಸಿಡ್ ಎನ್ನಬೇಡಿ. ಬೆಟ್ಟ ಇಳಿದು ಮುಗಿಸಿದ ಒಂದೆರಡು ಗಂಟೆಯೊಳಗೆ ಅದು ರಕ್ತದಿಂದ ಹೊರಟುಹೋಗಿರುತ್ತದೆ. ಈ ಮಾತನ್ನು ಹೇಳಿ ಹೇಳಿ ನನಗಂತೂ ಸಾಕಾಗಿದೆ.

ಇನ್ನು ಮಂಡಿ. ಮೆಟ್ಟಿಲಿಳಿಯುವಾಗ ಮಂಡಿಯ ಕೀಲಿನ ಮೇಲೆ ಬೀಳುವ ಒತ್ತಡ ನಮ್ಮ ತೂಕದ ಮೂರು ಪಟ್ಟಿಗೂ ಹೆಚ್ಚು. 60 ಕಿಲೋ ಇರುವವರ ಮಂಡಿಗೆ ಪ್ರತಿ ಹೆಜ್ಜೆಗೂ 180 ಕಿಲೋ ಮೀರಿದ ಭಾರ. ಅದನ್ನು ತಡೆಯುವುದು ಅದೇ ತೊಡೆಯ ಸ್ನಾಯು. ಅದು ಸೋತರೆ ಮಂಡಿ ಸೋತಂತೆ.

ಇಲ್ಲಿ ನಾನೊಬ್ಬರ ಕಥೆ ಹೇಳಲೇಬೇಕು. ಹನುಮಂತನಗರದಲ್ಲಿ ನಮ್ಮ ಬೀದಿಗೆ ಗ್ಯಾಸ್ ತಂದುಕೊಡುತ್ತಿದ್ದವರು, ಐವತ್ತು ದಾಟಿದವರು. ಮಕ್ಕಳೆಲ್ಲ ಸಿಲಿಂಡರಣ್ಣ ಎನ್ನುತ್ತಿದ್ದರು. ಹಳೇ ಕಾಲದ ಮನೆಗಳು, ಮೂರು ಮಹಡಿ, ಲಿಫ್ಟಿಲ್ಲ. ಅವರ ಅಕ್ಕನ ಮಗ ನಮ್ಮ ಚಾರಣದ ಗುಂಪಿನ ಹುಡುಗ. ಜಿಮ್ಮಿಗೆ ಹೋಗಿ ಬೆಳೆಸಿದ ಮೈ, ನೋಡಲು ಚೆನ್ನಾಗಿದ್ದಾನೆ. ಒಂದು ಸಲ ಕುಮಾರಪರ್ವತಕ್ಕೆ ಸೋದರಮಾವನನ್ನೂ ಕರೆದುಕೊಂಡು ಬಂದ. ಹತ್ತುವಾಗ "ಏನ್ ಮಾಮ, ಇಷ್ಟ್ ನಿಧಾನ? ಮೇಲೆ ಕಾಯ್ತಿರ್ತೀನಿ ಬಾ" ಎಂದು ಹೊರಟವನು, ಗಿರಿಗದ್ದೆಯ ಭಟ್ಟರ ಮನೆ ದಾಟಿ, ಕಲ್ಲುಮಂಟಪ ದಾಟಿ, ಶೇಷಪರ್ವತದ ಮೇಲೆ ನಿಂತು ಕೂಗು ಹಾಕಿದ. ನಾವಿನ್ನೂ ಕೆಳಗೆ ಹುಲ್ಲುಗಾವಲಿನ ಏರಿನಲ್ಲಿದ್ದೆವು. ಸಿಲಿಂಡರಣ್ಣ ನಮ್ಮ ಜೊತೆಯಲ್ಲೇ ಮಾತಾಡಿಕೊಂಡು ಬಂದರು. ಶೇಷಪರ್ವತದಾಚೆಯ ಕಾಡಿನೊಳಗೆ ಇಳಿದು, ಕೊನೆಯ ಬಂಡೆ ಹತ್ತಿ, ತುದಿ ಮುಟ್ಟಿ, ಮಂಜು ಸರಿದಾಗ ಒಂದರ ಹಿಂದೊಂದು ನಿಂತ ಬೆಟ್ಟದ ಸಾಲು ನೋಡಿ, "ಪರವಾಗಿಲ್ಲ ಕಣ್ರೀ" ಎಂದರು. ಅಷ್ಟೇ.

ತಮಾಷೆ ಇರುವುದು ಇಳಿಯುವಾಗ. ಶೇಷಪರ್ವತದ ಇಳಿಜಾರಿನಲ್ಲೇ ಹುಡುಗನ ಬೂಟು ಧಡ್ ಧಡ್ ಎಂದು ಸದ್ದು ಮಾಡಲು ಶುರುವಾಯಿತು. ಆ ಸದ್ದು ಕೇಳಿದರೆ ನನಗೆ ಗೊತ್ತಾಗಿಬಿಡುತ್ತದೆ, ತೊಡೆ ಸೋತಿದೆ, ಭಾರವೆಲ್ಲ ಮಂಡಿಗೆ ಬೀಳುತ್ತಿದೆ. ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ ಆಯಿತು. ಊಟಕ್ಕೆ ಕೂತವನು ಎದ್ದ ರೀತಿ ನೋಡಬೇಕಿತ್ತು, ಎರಡೂ ಕೈ ನೆಲಕ್ಕೂರಿ, ಮಗುವಿನ ಹಾಗೆ. ಅಲ್ಲಿಂದ ಕೆಳಗೆ ಕಾಡಿನ ದಾರಿ. ಬೇರು, ಉರುಳುಗಲ್ಲು, ಮೇಲೆ ತರಗೆಲೆ. ಮೀನಖಂಡ, ತೊಡೆ ಎಲ್ಲ ಗಡಗಡ ನಡುಗುತ್ತಿದ್ದವು. ಕೊನೆಗೆ ಮರ ಹಿಡಿದುಕೊಂಡು ಹಿಂದುಮುಂದಾಗಿ ಇಳಿದ. "ಮಾಮ, ಸ್ವಲ್ಪ ನಿಂತ್ಕೋ ಮಾಮ." ಮಾಮ ನಿಂತರು. ಆತನ ಬ್ಯಾಗನ್ನೂ ತಾವೇ ಹೊತ್ತರು.

ನಾನು ಅವರ ಹೆಜ್ಜೆಯನ್ನೇ ನೋಡುತ್ತಿದ್ದೆ. ಪಾದ ಒಂಚೂರು ಓರೆ, ಮಂಡಿ ಒಂಚೂರು ಮಡಿಚಿರುತ್ತಿತ್ತು, ಸದ್ದೇ ಇಲ್ಲ. ಎಲ್ಲಿ ಕಲಿತಿರಿ ಎಂದು ಕೇಳಿದೆ. "ತುಂಬಿದ್ ಸಿಲಿಂಡರ್ ಹೊತ್ಕೊಂಡು ಹತ್ತೋದು ದೊಡ್ಡದಲ್ಲ ಮೇಡಂ. ಖಾಲೀದ್ ಹಿಡ್ಕೊಂಡು ಇಳಿಯೋವಾಗ ಮೆಟ್ಟಿಲಂಚಿಗೆ ಒಂದು ಏಟು ತಗುಲಿದ್ರೂ ಓನರಮ್ಮ ಬೈತಾರೆ" ಎಂದರು. ಖಾಲಿ ಸಿಲಿಂಡರೇ ಸುಮಾರು 15 ಕಿಲೋ. ಅದನ್ನು ಹಿಡಿದು, ಸದ್ದಾಗದಂತೆ, ದಿನವಿಡೀ ಮೂರು ಮೂರು ಮಹಡಿ ಇಳಿಯುವುದು. ನಾನು ಬರೆದುಕೊಡುವ ಯಾವ ವ್ಯಾಯಾಮವೂ ಅದಕ್ಕೆ ಸಮವಲ್ಲ. ಹುಡುಗ ಜಿಮ್ಮಿನಲ್ಲಿ ಟ್ರೆಡ್‌ಮಿಲ್ಲನ್ನು ಏರಿಗಿಟ್ಟು ನಡೆಯುತ್ತಿದ್ದ. ಇಳಿಜಾರಿಗಿಡುವ ಟ್ರೆಡ್‌ಮಿಲ್ಲು ನಮ್ಮ ಬಡಾವಣೆಯ ಜಿಮ್ಮುಗಳಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಕಥೆ ಉದ್ದವಾಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಬೆಟ್ಟಕ್ಕೆ ಹೋಗುವ ಮೂರು ವಾರ ಮೊದಲು ಶುರುಮಾಡಿ. ನಿಮ್ಮ ಅಪಾರ್ಟ್‌ಮೆಂಟಿರಲಿ, ಆಫೀಸಿರಲಿ, ಲಿಫ್ಟಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಮೊದಲ ದಿನ ನಾಲ್ಕೈದು ಮಹಡಿ ಸಾಕು. ಎರಡು ದಿನ ತೊಡೆ ನೋಯುತ್ತದೆ, ನೋಯಲಿ. ನೋವು ಹೋದ ಮೇಲೆ ಮತ್ತೆ ಇಳಿಯಿರಿ, ಎರಡನೆಯ ಸಲ ಅಷ್ಟು ನೋಯುವುದಿಲ್ಲ. ಒಮ್ಮೆ ಇಳಿದು ನೊಂದ ಸ್ನಾಯು ಪಾಠ ಕಲಿಯುತ್ತದೆ, ಆ ಪಾಠ ಕೆಲವು ವಾರ ನೆನಪಿಟ್ಟುಕೊಳ್ಳುತ್ತದೆ. ಲಿಫ್ಟಿಲ್ಲದವರು ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ಹೋಗಿ, ಎಸ್ಕಲೇಟರಿನಲ್ಲಿ ಮೇಲೆ, ಮೆಟ್ಟಿಲಲ್ಲಿ ಕೆಳಗೆ. ಆಮೇಲೆ ಒಂದು ಭಾನುವಾರ ಶಿವಗಂಗೆಗೆ ಹೋಗಿಬನ್ನಿ. ಸಾವನದುರ್ಗದ ಬೋಳುಬಂಡೆ ಒಣಗಿದ್ದಾಗ ಮಾತ್ರ, ಮಳೆ ಬಂದರೆ ಬೇಡವೇ ಬೇಡ.

ಕಾಲುಗುರು ಕತ್ತರಿಸಿಕೊಳ್ಳಿ, ಇಳಿಯುವ ಮುಂಚೆ ಬೂಟಿನ ದಾರ ಬಿಗಿ ಮಾಡಿ. ಊರುಗೋಲು ಹಿಡಿಯಲು ನಾಚಿಕೆ ಬೇಡ. ಮಳೆಗಾಲದ ಇಂಬಳದ ವಿಷಯ ಕೇಳುತ್ತೀರಿ ಎಂದು ಗೊತ್ತು. ಅದು ಒಂದು ಚಿಟಿಕೆ ಉಪ್ಪಿನ ಕೆಲಸ, ಅದಕ್ಕೆ ಹೆದರುವವರು ಇಳಿಜಾರಿಗೆ ಹೆದರುವುದಿಲ್ಲವಲ್ಲ ಎನ್ನುವುದೇ ನನಗೆ ಆಶ್ಚರ್ಯ. ಚಾರಣದ ಟಿಕೆಟನ್ನು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ತೆಗೆದುಕೊಳ್ಳಿ.

ಈ ಶನಿವಾರಕ್ಕೇ ಟಿಕೆಟ್ ತೆಗೆದಿಟ್ಟುಕೊಂಡು ಈಗ ಗಾಬರಿಯಿಂದ ಮೆಟ್ಟಿಲ ಕಡೆ ಓಡಬೇಡಿ. ಇವತ್ತು ಇಳಿದರೆ ನೋವು ಸರಿಯಾಗಿ ಶನಿವಾರಕ್ಕೇ ಬಂದು ಕೂರುತ್ತದೆ. ಈ ಸಲ ಗಿರಿಗದ್ದೆಯವರೆಗೆ ಹೋಗಿ, ಊಟ ಮಾಡಿ, ವಾಪಸ್ಸು ಬನ್ನಿ. ತುದಿಗೆ ಮುಂದಿನ ತಿಂಗಳು ಹೋದರಾಯಿತು. ನಮಸ್ಕಾರ.